ಲೇನಿನ ಎಣ್ಣೆಗೆ ತಕ್ಕ ಐದು ಚೆಂಡು: ಒಂದು ಬೌಲಿಂಗ್ ಸೆಟ್‌ನ ವಿಮರ್ಶೆ

ಐದು ಚೆಂಡು ಕೊಂಡು ಐದೂ ಒಂದೇ ಥರ ತಿರುಗಿದರೆ, ಕೊಂಡದ್ದು ಒಂದೇ ಚೆಂಡು. ಟೆನ್‌ಪಿನ್ ಬೌಲಿಂಗ್ ಆಡುವವರ ಬ್ಯಾಗ್ ಬಿಚ್ಚಿದರೆ ಇದೇ ಹೆಚ್ಚಾಗಿ ಕಾಣುತ್ತದೆ. ಬಣ್ಣ ಬೇರೆ, ಹೆಸರು ಬೇರೆ, ಆದರೆ ನಾಲ್ಕು ಚೆಂಡೂ ಭಾರೀ ಹುಕ್ ಕೊಡುವಂಥವು, ಅಂದರೆ ಕೊನೆಯಲ್ಲಿ ಪಕ್ಕಕ್ಕೆ ಬಲವಾಗಿ ಬಾಗುವಂಥವು. ಲೇನಿಗೆ, ಅಂದರೆ ಚೆಂಡು ಓಡುವ ಹಾದಿಗೆ, ಹಚ್ಚಿದ ಎಣ್ಣೆ ಒಣಗುತ್ತ ಬಂದ ಮೂರನೇ ಗೇಮಿನಲ್ಲಿ ಅವುಗಳಲ್ಲಿ ಒಂದೂ ಕೈಹಿಡಿಯುವುದಿಲ್ಲ. ಚೆಂಡನ್ನು ಒಂಟಿಯಾಗಿ ತೂಗಬಾರದು, ಪಕ್ಕದ ಚೆಂಡಿಗೂ ಅದಕ್ಕೂ ಎಷ್ಟು ಅಂತರವಿದೆ ಎಂದು ನೋಡಬೇಕು. ಇಲ್ಲಿ ತೂಗುತ್ತಿರುವ ಸೆಟ್ ಇದು: ಹ್ಯಾಮರ್ ಬ್ಲ್ಯಾಕ್ ವಿಡೋ 2.0, ಸ್ಟಾರ್ಮ್ ಫೇಸ್ 2, ಸ್ಟಾರ್ಮ್ ಹೈ-ರೋಡ್, ಸ್ಟಾರ್ಮ್ ಪಿಚ್ ಬ್ಲ್ಯಾಕ್, ಕೊಲಂಬಿಯಾ 300 ವೈಟ್ ಡಾಟ್. ಅಂಕಿಗಳೆಲ್ಲ 15 ಪೌಂಡ್ ಚೆಂಡಿನವು. ತೂಕ ಇಳಿದಂತೆ, ಅದರಲ್ಲೂ 12-13 ಪೌಂಡ್‌ಗೆ ಬಂದಾಗ, ಒಳಗಿನ ತಿರುಳಿನ, ಅಂದರೆ ಕೋರ್‌ನ, ಅಂಕಿಗಳು ಬದಲಾಗುತ್ತವೆ. ಬೋರ್ಡ್ ಎಂದರೆ ಲೇನಿನ ಉದ್ದಕ್ಕೂ ಇರುವ ಹಲಗೆ ಪಟ್ಟಿ. ಅದರ ಲೆಕ್ಕವೆಲ್ಲ ಬಲ ಅಂಚಿನಿಂದ, ಬಲಗೈ ಆಟಗಾರರದು, ಎಡಗೈಯವರು ತಿರುವಿ ಓದಿಕೊಳ್ಳಲಿ.

ಮೊದಲು ಲೇನ್. ಎಸೆಯುವಾಗ ದಾಟಬಾರದ ಫೌಲ್ ಲೈನಿನಿಂದ ಎಲ್ಲಕ್ಕಿಂತ ಮುಂದಿನ ಹೆಡ್ ಪಿನ್‌ವರೆಗೆ 60 ಅಡಿ, ಅಗಲಕ್ಕೆ 39 ಬೋರ್ಡ್. ಯಂತ್ರ ಎಣ್ಣೆ ಹಚ್ಚುವುದು ಮೊದಲ ಮೂವತ್ತೈದು-ನಲವತ್ತೈದು ಅಡಿಗಷ್ಟೆ, ಉಳಿದ ಭಾಗ ಒಣ. ಇಡೀ ಲೇನಿಗೆ ಬೀಳುವ ಎಣ್ಣೆ ಸುಮಾರು 20ರಿಂದ 30 ಮಿಲಿಲೀಟರ್. ಕೆಲವು ಚಮಚೆಯಷ್ಟು ಎಣ್ಣೆ ಇಷ್ಟು ಆಟ ಆಡಿಸುತ್ತದೆ! ಎಣ್ಣೆ ಹಚ್ಚುವ ವಿನ್ಯಾಸಕ್ಕೆ ಪ್ಯಾಟರ್ನ್ ಎನ್ನುತ್ತಾರೆ. ಬೌಲಿಂಗ್ ಸೆಂಟರ್‌ಗಳ ಸಾಮಾನ್ಯ ಹೌಸ್ ಪ್ಯಾಟರ್ನ್‌ನಲ್ಲಿ ನಡುವೆ ದಪ್ಪ ಎಣ್ಣೆ, ಅಂಚಿನ ಹತ್ತು ಬೋರ್ಡ್‌ಗಳಲ್ಲಿ ತೆಳು. ಚೆಂಡು ಹೊರಗೆ ಜಾರಿದರೆ ಒಣ ಜಾಗ ಅದನ್ನು ಹಿಡಿದು ತರುತ್ತದೆ, ಒಳಗೆ ಸರಿದರೆ ಎಣ್ಣೆ ಅದನ್ನು ನೇರ ಇಡುತ್ತದೆ. ಸ್ಪರ್ಧೆಗೆ ಹಚ್ಚುವ ಸ್ಪೋರ್ಟ್ ಪ್ಯಾಟರ್ನ್‌ನಲ್ಲಿ ನಡು ಮತ್ತು ಅಂಚಿನ ಎಣ್ಣೆಯ ಅನುಪಾತ 3:1ರ ಒಳಗಿರುತ್ತದೆ. ಅಲ್ಲಿ ಆ ಆಸರೆ ಸಿಗುವುದಿಲ್ಲ.

ಪ್ಯಾಟರ್ನ್‌ನ ಉದ್ದ ಗೊತ್ತಿದ್ದರೆ ಅದರಿಂದ 31 ಕಳೆಯಿರಿ. ಎಣ್ಣೆ ಮುಗಿಯುವ ಜಾಗದಲ್ಲಿ ಚೆಂಡು ಯಾವ ಬೋರ್ಡ್ ಮೇಲಿರಬೇಕು ಎಂಬ ಅಂದಾಜು ಸಿಗುತ್ತದೆ. 41 ಅಡಿಯ ಪ್ಯಾಟರ್ನ್‌ಗೆ 10ನೇ ಬೋರ್ಡ್, 36 ಅಡಿಗೆ 5ನೇ ಬೋರ್ಡ್. ಇದು ಆಟ ಶುರುಮಾಡಲು ಒಂದು ನೆಲೆ ಅಷ್ಟೆ, ಆಮೇಲಿನದನ್ನು ಚೆಂಡೇ ಹೇಳುತ್ತದೆ.

ಚೆಂಡು ಲೇನ್ ಮೇಲೆ ಮೊದಲು ಜಾರುತ್ತದೆ, ಆಮೇಲೆ ಹುಕ್ ಆಗುತ್ತದೆ, ಕೊನೆಗೆ ಉರುಳುತ್ತದೆ. ಉರುಳಲು ಶುರುವಾದ ಮೇಲೆ ಪಾಕೆಟ್ (1 ಮತ್ತು 3ನೇ ಪಿನ್‌ಗಳ ನಡುವಿನ ಜಾಗ) ತಲುಪಬೇಕು. ಅದಕ್ಕೂ ಬಹಳ ಮುಂಚೆ ಉರುಳಿದರೆ ಕಸುವು ದಾರಿಯಲ್ಲೇ ಸೋರಿಹೋಗುತ್ತದೆ, ಜಾರುತ್ತಲೇ ಬಂದು ಬಡಿದರೆ ಪಿನ್‌ಗಳು ಅದನ್ನು ಪಕ್ಕಕ್ಕೆ ತಳ್ಳುತ್ತವೆ. ಯಾವ ಹಂತ ಎಲ್ಲಿ ಮುಗಿಯಬೇಕು ಎಂಬುದನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ. ಹೊರಪದರ, ಅಂದರೆ ಕವರ್‌ಸ್ಟಾಕ್, ಮತ್ತು ಅದನ್ನು ಎಷ್ಟು ಉಜ್ಜಿದೆ ಎಂಬುದು ಎಲ್ಲಕ್ಕಿಂತ ಮುಖ್ಯ. ಒಳಗಿನ ಕೋರ್ ಎರಡನೆಯದು. ರಂಧ್ರ ಕೊರೆಯುವ ಲೇಔಟ್ ಮೂರನೆಯದು. ಜಾಹೀರಾತುಗಳು ಕೋರ್‌ನ ಚಿತ್ರವನ್ನೇ ದೊಡ್ಡದಾಗಿ ತೋರಿಸುವುದರಿಂದ ಕೊಳ್ಳುವವರು ಈ ಕ್ರಮವನ್ನು ತಲೆಕೆಳಗು ಮಾಡಿಕೊಳ್ಳುತ್ತಾರೆ.

ಕೋರ್‌ಗೆ ಎರಡು ಅಂಕಿ ನೋಡಿದರೆ ಸಾಕು. ಆರ್‌ಜಿ ಎಂದರೆ ತೂಕ ಕೇಂದ್ರದಿಂದ ಎಷ್ಟು ದೂರ ಹರಡಿದೆ ಎಂಬುದು. ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆ ಯುಎಸ್‌ಬಿಸಿಯ ನಿಯಮದಂತೆ ಇದು 2.460ರಿಂದ 2.800 ಇಂಚಿನೊಳಗೆ ಇರಬೇಕು. ಕಡಿಮೆ ಇದ್ದರೆ ಚೆಂಡು ಬೇಗ ಸುತ್ತಲು ತೊಡಗುತ್ತದೆ, ಹೆಚ್ಚಿದ್ದರೆ ಮುಂದೆ ಹೋಗಿ ತಿರುಗುತ್ತದೆ. ಇನ್ನೊಂದು ಡಿಫರೆನ್ಷಿಯಲ್, ಅಂದರೆ ಚೆಂಡಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಆರ್‌ಜಿಗಳ ವ್ಯತ್ಯಾಸ, ಗರಿಷ್ಠ 0.060. ಇದು ಹೆಚ್ಚಾದಷ್ಟೂ ಪ್ರತಿ ಸುತ್ತಿಗೂ ಚೆಂಡಿನ ಹೊಸ ಒಣ ಮೈ ಲೇನಿಗೆ ತಾಗುತ್ತದೆ. ಆಡಿ ಬಂದ ಚೆಂಡಿನ ಮೇಲೆ ಎಣ್ಣೆಯ ಉಂಗುರಗಳು ಬಿಡಿಬಿಡಿಯಾಗಿ ಕಾಣುವುದು ಇದರಿಂದಲೇ.

ಸೆಟ್ ಕಟ್ಟುವುದು ಬಲವಾದ ಚೆಂಡಿನಿಂದಲ್ಲ, ನಡುವಿನ ಚೆಂಡಿನಿಂದ. ನಮ್ಮ ಆಯ್ಕೆ ಫೇಸ್ 2. ವೆಲಾಸಿಟಿ ಎಂಬ ಸಮಮಿತ ಕೋರ್, ಆರ್‌ಜಿ 2.48, ಡಿಫರೆನ್ಷಿಯಲ್ 0.051, ಸಾಲಿಡ್ ರಿಯಾಕ್ಟಿವ್ (ಎಣ್ಣೆ ಹೀರಿ ಲೇನ್ ಹಿಡಿಯುವ ರಾಳದ) ಹೊರಪದರ, 3000 ಗ್ರಿಟ್ ಉಜ್ಜುವಿಕೆ (ಗ್ರಿಟ್ ಅಂಕಿ ಕಡಿಮೆಯಾದಷ್ಟೂ ಮೈ ಒರಟು). ಇದರ ದೊಡ್ಡ ಗುಣ ಎಂದರೆ ಸುಳ್ಳು ಹೇಳದಿರುವುದು. ಎಣ್ಣೆ ಇರುವಲ್ಲಿ ಅತಿಯಾಗಿ ಜಾರುವುದಿಲ್ಲ, ಒಣ ಜಾಗ ಕಂಡೊಡನೆ ನೆಗೆಯುವುದೂ ಇಲ್ಲ. ಅಭ್ಯಾಸದ ಸಮಯದಲ್ಲಿ ಇದನ್ನೇ ಮೊದಲು ಎಸೆಯಿರಿ, ಪಿನ್ ಎಷ್ಟು ಬಿತ್ತು ಎಂದು ನೋಡಬೇಡಿ, ಕೊನೆಯ 20 ಅಡಿ ನೋಡಿ. ತಿರುವಿನ ಜಾಗ ದಾಟಿ ಜಾರಿಹೋಗುತ್ತಿದ್ದರೆ ಬಲವಾದ ಚೆಂಡಿನ, ಅಂದರೆ ಬ್ಲ್ಯಾಕ್ ವಿಡೋದ, ಸರದಿ. ನಡುದಾರಿಯಲ್ಲೇ ತಿರುಗಿ ಪಾಕೆಟ್ ಹತ್ತಿರ ಸುಸ್ತಾಗುತ್ತಿದ್ದರೆ ಹೈ-ರೋಡ್ ತೆಗೆಯಬೇಕು. ಎರಡೂ ಅಲ್ಲದಿದ್ದರೆ ಚೆಂಡು ಬದಲಿಸಬೇಡಿ. ಕಾಲು ಎರಡು ಬೋರ್ಡ್ ಎಡಕ್ಕೆ, ಗುರಿ ಒಂದು ಬೋರ್ಡ್ ಎಡಕ್ಕೆ ಸರಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಒಂದೇ ಚೆಂಡು ಕೊಳ್ಳುವ ಶಕ್ತಿ ಇರುವವರಿಗೆ ನಾವು ಹೇಳುವುದೂ ಫೇಸ್ 2 ಅನ್ನೇ.

ಬ್ಲ್ಯಾಕ್ ವಿಡೋ 2.0 ದಪ್ಪ ಎಣ್ಣೆಯ ಚೆಂಡು. ಗ್ಯಾಸ್ ಮಾಸ್ಕ್ ಎಂಬ ಅಸಮಮಿತ ಕೋರ್, ಆರ್‌ಜಿ 2.50, ಡಿಫರೆನ್ಷಿಯಲ್ 0.058, ಅಂದರೆ ನಿಯಮದ ಅಂಚಿಗೆ ಹತ್ತಿರ. ಸಾಲಿಡ್ ಹೊರಪದರವನ್ನು 500, 1000, 2000 ಗ್ರಿಟ್ ಪ್ಯಾಡ್‌ಗಳಿಂದ ಸಾಲಾಗಿ ಉಜ್ಜಿರುತ್ತದೆ. 42 ಅಡಿಗಿಂತ ಉದ್ದದ ಪ್ಯಾಟರ್ನ್‌ನಲ್ಲಿ, ಆಗಷ್ಟೇ ಎಣ್ಣೆ ಹಚ್ಚಿದ ಲೇನಿನಲ್ಲಿ ಇದರ ಬೆಲೆ ತಿಳಿಯುತ್ತದೆ. ಹೊಸ ಹೌಸ್ ಪ್ಯಾಟರ್ನ್‌ನಲ್ಲೂ ಒಂದು ಉಪಯೋಗವಿದೆ. ಹೊಳೆಯುವ ಚೆಂಡಾದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಹೊರಗೆ ಬಿದ್ದದ್ದು ನೆಗೆಯುತ್ತದೆ, ಒಳಗೆ ಬಿದ್ದದ್ದು ಜಾರುತ್ತದೆ. ಒರಟು ಮೈಯ ಚೆಂಡು ಮೊದಲೇ ಲೇನ್ ಹಿಡಿಯುವುದರಿಂದ ಆ ಎರಡರ ಅಂತರ ತಗ್ಗುತ್ತದೆ.

ಆದರೆ ಇದನ್ನು ಹೆಚ್ಚು ಹೊತ್ತು ಕೈಯಲ್ಲಿಟ್ಟುಕೊಂಡವರು ಸ್ಕೋರ್ ಕಳೆದುಕೊಳ್ಳುತ್ತಾರೆ. ಲಕ್ಷಣ ಸ್ಪಷ್ಟ: ಚೆಂಡು ಪಾಕೆಟ್‌ಗೇ ಬಡಿಯುತ್ತದೆ, ಆದರೂ ಬಲ ಮೂಲೆಯ 10ನೇ ಪಿನ್ ನಿಲ್ಲುತ್ತದೆ, 6ನೇ ಪಿನ್ ಅದರ ಮುಂದಿನ ಗಟರ್‌ನಲ್ಲಿ ಮೆಲ್ಲಗೆ ಬಿದ್ದುಕೊಳ್ಳುತ್ತದೆ. ಇದನ್ನು ದುರದೃಷ್ಟ ಎಂದು ಬೈಯಬೇಡಿ, ಚೆಂಡು ದಾರಿಯಲ್ಲೇ ಕಸುವು ಕಳೆದುಕೊಂಡಿದೆ ಎಂದು ಅರ್ಥ. ಪಾಕೆಟ್‌ಗೆ ಹೊಕ್ಕುವ ಕೋನ ಸುಮಾರು 6 ಡಿಗ್ರಿ ಇದ್ದರೆ ಸ್ಟ್ರೈಕ್ (ಒಂದೇ ಎಸೆತಕ್ಕೆ ಹತ್ತೂ ಪಿನ್) ಸಾಧ್ಯತೆ ಅತಿ ಹೆಚ್ಚು. ಬೇಗ ಉರುಳಿದ ಚೆಂಡಿಗೆ ಆ ಕೋನ ಉಳಿದಿರುವುದಿಲ್ಲ. ಒಂದು ಸಲ ಹೀಗಾದರೆ ಗಮನಿಸಿ, ಎರಡನೇ ಸಲ ಆದರೆ ಬದಲಿಸಿ. ಎರಡೂ ಕೈಯಲ್ಲಿ ಎಸೆದು ಹೆಚ್ಚು ಸುತ್ತು ಕೊಡುವವರಿಗೆ ಈ ಚೆಂಡು ಬಹುಮಟ್ಟಿಗೆ ಬೇಡವೇ ಬೇಡ. ವೇಗ ಹೆಚ್ಚು, ಸುತ್ತು ಕಡಿಮೆ ಇರುವವರಿಗೆ ಇದು ವರ.

ಹೈ-ರೋಡ್ ಬಹಳ ವರ್ಷಗಳಿಂದ ಮಾರಾಟದಲ್ಲಿ ಉಳಿದ ಚೆಂಡು, ಅದಕ್ಕೆ ಕಾರಣವೂ ಇದೆ. ಆರ್‌ಜಿ 2.57, ಡಿಫರೆನ್ಷಿಯಲ್ 0.046, ಹೈಬ್ರಿಡ್ ಹೊರಪದರ, 1500 ಗ್ರಿಟ್ ಮೇಲೆ ಪಾಲಿಶ್. ಮುಂಭಾಗದ ಎಣ್ಣೆ ಸವೆದ ಮೇಲೂ ಅಲ್ಲಿ ಸಿಕ್ಕಿಕೊಳ್ಳದೆ ದಾಟಿ, ಹಿಂಭಾಗದಲ್ಲಿ ಚುರುಕಾಗಿ ತಿರುಗುತ್ತದೆ. ಆಟ ಸಾಗಿದಂತೆ ನೀವು 20-25ನೇ ಬೋರ್ಡ್‌ನಷ್ಟು ಒಳಗೆ ಸರಿದಾಗ ಇದನ್ನು ತೆಗೆಯಬೇಕು. ಹೊಸ ದಪ್ಪ ಎಣ್ಣೆಯಲ್ಲಿ ತೆಗೆದರೆ ಜಾರಿಕೊಂಡು ಹೋಗಿ ಹೆಡ್ ಪಿನ್‌ನ ಬಲಗಡೆ ತೆಳುವಾಗಿ ಸವರುತ್ತದೆ ಇಲ್ಲವೇ ಅದನ್ನು ಮುಟ್ಟದೆಯೇ ಹೋಗುತ್ತದೆ, ಕೈಗೆ ಬರುವುದು ಪಿನ್‌ಗಳು ದೂರದೂರ ಉಳಿಯುವ ಕಷ್ಟದ ಸ್ಪ್ಲಿಟ್ ಇಲ್ಲವೇ ಹೆಡ್ ಪಿನ್ ಕೂಡ ನಿಂತೇ ಇರುವ ವಾಷ್‌ಔಟ್.

ಫೇಸ್ 2 ಮತ್ತು ಹೈ-ರೋಡ್ ನಡುವಿನ ಅಂತರವೇ ಸೆಟ್‌ನ ಜೀವಾಳ. ಪರೀಕ್ಷೆ ಸುಲಭ. ಒಂದೇ ಲೇನ್, ಒಂದೇ ನಿಲುವು, ಒಂದೇ ಗುರಿ. ಫೇಸ್ 2ರಲ್ಲಿ ಐದು ಎಸೆತ, ಹೈ-ರೋಡ್‌ನಲ್ಲಿ ಐದು. ಪಿನ್ ಹತ್ತಿರ ಎರಡೂ ಮುಟ್ಟುವ ಜಾಗದಲ್ಲಿ ಮೂರು ಬೋರ್ಡ್‌ಗಿಂತ ಕಡಿಮೆ ವ್ಯತ್ಯಾಸ ಕಂಡರೆ ಆಟದ ನಡುವೆ ಬದಲಿಸಿ ಪ್ರಯೋಜನವಿಲ್ಲ. ಆಗ ಹೊಸ ಚೆಂಡಿಗೆ ದುಡ್ಡು ಹಾಕುವ ಮೊದಲು ಫೇಸ್ 2ನ್ನು 2000 ಗ್ರಿಟ್‌ಗೆ ಇಳಿಸಿ ನೋಡಿ. ಪ್ಯಾಡ್ ಮತ್ತು ಚೆಂಡು ಎರಡನ್ನೂ ಒದ್ದೆ ಮಾಡಿ, ಚೆಂಡನ್ನು ತಿರುಗಿಸುವ ಸ್ಪಿನ್ನರ್ ಯಂತ್ರದ ಮೇಲೆ ಇಡಿ, ಚೆಂಡಿನ ನಾಲ್ಕು ಬದಿಗೂ ಸಮಾನ ಹೊತ್ತು, ಸಮಾನ ಒತ್ತಡ ಕೊಡಿ. ಒಂದು ಬದಿ ಹೆಚ್ಚು ಉಜ್ಜಿದರೆ ಮೈ ಎಲ್ಲೆಡೆ ಒಂದೇ ಥರ ಇರುವುದಿಲ್ಲ, ಎಸೆತದಿಂದ ಎಸೆತಕ್ಕೆ ನಡತೆ ಬದಲಾಗುತ್ತದೆ.

ಪಿಚ್ ಬ್ಲ್ಯಾಕ್ ಯುರೇಥೇನ್ ಚೆಂಡು, 1000 ಗ್ರಿಟ್. 36 ಅಡಿ ಮತ್ತು ಅದಕ್ಕಿಂತ ಗಿಡ್ಡ ಪ್ಯಾಟರ್ನ್‌ನಲ್ಲಿ ಒಣ ಜಾಗ ಉದ್ದವಿರುವುದರಿಂದ ರಿಯಾಕ್ಟಿವ್ ಚೆಂಡುಗಳು ಹತೋಟಿ ಮೀರಿ ತಿರುಗುತ್ತವೆ. ಇದು ಬೇಗ ಹಿಡಿದು, ನಿಧಾನವಾದ ಬಿಲ್ಲಿನಂತೆ ಬಾಗಿ ಬರುತ್ತದೆ. ಹೊಕ್ಕುವ ಕೋನ ಕಿರಿದಾದ್ದರಿಂದ ಮೂಲೆಯ ಪಿನ್‌ಗಳು ಉಳಿಯುವುದು ಹೆಚ್ಚು, ಅದನ್ನು ಒಪ್ಪಿಕೊಂಡೇ ಆಡಬೇಕು. ಇನ್ನೊಂದು ತೊಡಕು ಕೊಳ್ಳುವಾಗ ಯಾರೂ ಹೇಳುವುದಿಲ್ಲ. ರಿಯಾಕ್ಟಿವ್ ಹೊರಪದರ ಎಣ್ಣೆ ಹೀರುತ್ತದೆ, ಯುರೇಥೇನ್ ಅಷ್ಟಾಗಿ ಹೀರದೆ ಅದನ್ನು ಮುಂದಕ್ಕೆ ಒಯ್ಯುತ್ತದೆ. ಕೆಲವು ಫ್ರೇಮ್ ಕಳೆದ ಮೇಲೆ ಹಿಂಭಾಗದಲ್ಲಿ ಎಣ್ಣೆ ಹರಡಿ, ನಿಮ್ಮ ಚೆಂಡೂ ತಿರುಗದೆ ನಿಲ್ಲುತ್ತದೆ, ಅದೇ ಲೇನಿನಲ್ಲಿ ಆಡುವ ಜೊತೆಗಾರರ ಚೆಂಡೂ ಕೂಡ. ಉದ್ದ ಪ್ಯಾಟರ್ನ್ ಒಣಗಿತೆಂದು ಇದನ್ನು ತೆಗೆಯುವುದು ತಪ್ಪು, ಅಲ್ಲಿ ಬೇಕಾದದ್ದು ಹೈ-ರೋಡ್. ಐದರಲ್ಲಿ ಒಂದನ್ನು ಬಿಡಬೇಕೆಂದರೆ ನಾವು ಬಿಡುವುದು ಇದನ್ನು.

ವೈಟ್ ಡಾಟ್ ಪಾಲಿಯೆಸ್ಟರ್. ಎಣ್ಣೆ ಇದ್ದರೂ ಇಲ್ಲದಿದ್ದರೂ ಹೆಚ್ಚುಕಡಿಮೆ ನೇರ ಹೋಗುತ್ತದೆ, 10ನೇ ಪಿನ್‌ನಂಥ ಸ್ಪೇರ್‌ಗೆ (ಉಳಿದ ಪಿನ್ ಕೆಡವುವ ಎರಡನೇ ಎಸೆತಕ್ಕೆ) ಬೇಕಾದದ್ದೇ ಅದು. ಐದರಲ್ಲಿ ಅತ್ಯಂತ ಅಗ್ಗದ್ದೂ ಇದೇ, ಹೆಚ್ಚು ಪಿನ್ ಉಳಿಸಿಕೊಡುವುದೂ ಇದೇ.

ಕೊರೆಸುವಾಗ ಐದಕ್ಕೂ ಒಂದೇ ಹಿಡಿತ, ಒಂದೇ ತೂಕ ಇರಲಿ. ಮೂರು ರಿಯಾಕ್ಟಿವ್ ಚೆಂಡುಗಳಿಗೆ (ಬ್ಲ್ಯಾಕ್ ವಿಡೋ, ಫೇಸ್ 2, ಹೈ-ರೋಡ್) ಆದಷ್ಟು ಒಂದೇ ಬಗೆಯ ಲೇಔಟ್ ಹಾಕಿಸಿ, ಚೆಂಡಿನ ಮೈಮೇಲಿನ ಪಿನ್ ಎಂಬ ಗುರುತಿನಿಂದ ಪಿಎಪಿಗೆ (ಕೈಬಿಟ್ಟಾಗ ಚೆಂಡು ಸುತ್ತುವ ಅಕ್ಷದ ತುದಿಗೆ) 4ರಿಂದ 5 ಇಂಚು ಇದ್ದರೆ ಸಾಕು. ಹಾಗಾದಾಗ ಮಾತ್ರ ಕಾಣುವ ವ್ಯತ್ಯಾಸ ಚೆಂಡಿನದು ಎಂದು ಖಾತ್ರಿಯಾಗಿ ಹೇಳಬಹುದು. ಪ್ರತಿಯೊಂದಕ್ಕೂ ಬೇರೆ ಲೇಔಟ್ ಹಾಕಿಸಿದರೆ, ಯಾವ ಚೆಂಡು ಏಕೆ ಹಾಗೆ ಮಾಡಿತು ಎಂದು ಬಿಡಿಸಿ ನೋಡಲು ಆಗುವುದಿಲ್ಲ.

ಉಜ್ಜಿದ ಮೈ ಶಾಶ್ವತವಲ್ಲ. ಒರಟು ಮೈ ಲೇನಿಗೆ ಉಜ್ಜಿಕೊಂಡು ಕೆಲವೇ ಗೇಮ್‌ಗಳಲ್ಲಿ ನುಣುಪಾಗುತ್ತದೆ, ಬ್ಲ್ಯಾಕ್ ವಿಡೋದಲ್ಲಿ ಇದು ಎದ್ದು ಕಾಣುತ್ತದೆ. ಚೆಂಡು ಸತ್ತುಹೋಯಿತು ಎಂದು ಮಾರಿಬಿಡುವವರು ಒಮ್ಮೆ ಪ್ಯಾಡ್ ಹಾಕಿ ನೋಡಿದ್ದರೆ ದುಡ್ಡು ಉಳಿಯುತ್ತಿತ್ತು. ಪ್ರತಿ ಎಸೆತಕ್ಕೂ ಮೊದಲು ಮೈಕ್ರೋಫೈಬರ್ ಬಟ್ಟೆಯಿಂದ ಎಣ್ಣೆ ಒರೆಸಿ. ಆಟ ಮುಗಿದ ಕೂಡಲೇ, ಎಣ್ಣೆ ಒಳಕ್ಕೆ ಇಳಿಯುವ ಮೊದಲು, ಕ್ಲೀನರ್ ಹಾಕಿ. ಸುಮಾರು 60 ಗೇಮ್‌ಗೊಮ್ಮೆ ಮೈಯನ್ನು ಪೂರ್ತಿ ಹೊಸದಾಗಿ ಉಜ್ಜಿಸಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಚೆಂಡು ಬಿರುಕು ಬಿಡಬಹುದು. ಸ್ಪರ್ಧೆ ಆಡುವವರು ಇನ್ನೊಂದು ಗಮನಿಸಲಿ: ಸ್ಪರ್ಧೆ ನಡೆಯುವಾಗ ದ್ರವ ಕ್ಲೀನರ್ ಬಳಸುವುದನ್ನು ಯುಎಸ್‌ಬಿಸಿ 2019ರ ಆಗಸ್ಟ್‌ನಲ್ಲಿ ನಿಷೇಧಿಸಿತ್ತು.

ಐದನ್ನೂ ಒಟ್ಟಿಗೆ ಕೊಳ್ಳಬೇಡಿ. ಮೊದಲು ಫೇಸ್ 2 ಮತ್ತು ವೈಟ್ ಡಾಟ್. ಎರಡು-ಮೂರು ತಿಂಗಳು ಆಡಿ, ಚೆಂಡು ಎಲ್ಲಿ ಕೈಕೊಡುತ್ತದೆ ಎಂದು ಬರೆದಿಡಿ. ಸಂಜೆಯ ಮೊದಲ ಗೇಮಿನಲ್ಲೇ ಜಾರುತ್ತಿದ್ದರೆ ಮೂರನೆಯದು ಬ್ಲ್ಯಾಕ್ ವಿಡೋ, ಕೊನೆಯ ಗೇಮಿನಲ್ಲಿ ಸುಸ್ತಾಗುತ್ತಿದ್ದರೆ ಹೈ-ರೋಡ್. ಹೌಸ್ ಪ್ಯಾಟರ್ನ್‌ನಲ್ಲೇ ಆಡುವ ಹೆಚ್ಚಿನವರಿಗೆ ಹೈ-ರೋಡ್ ಮೊದಲು ಬೇಕಾಗುತ್ತದೆ. ಹಳೆಯದನ್ನು ಕೊಳ್ಳುವುದಾದರೆ ಬೆರಳಿನ ರಂಧ್ರಗಳ ನಡುವಿನ ಸೇತುವೆಯಲ್ಲಿ ಬಿರುಕಿದೆಯೇ ನೋಡಿ. ಹಿಡಿತಕ್ಕೆ ಬಳಸದ ಹೆಚ್ಚುವರಿ ರಂಧ್ರ ಇದ್ದರೆ 2020ರ ಆಗಸ್ಟ್‌ನಿಂದ ಯುಎಸ್‌ಬಿಸಿ ಮಾನ್ಯತೆಯ ಸ್ಪರ್ಧೆಗಳಲ್ಲಿ ಅದು ನಡೆಯುವುದಿಲ್ಲ, ಮುಚ್ಚಿಸುವ ಖರ್ಚನ್ನೂ ಬೆಲೆಗೆ ಸೇರಿಸಿಕೊಂಡು ಚೌಕಾಸಿ ಮಾಡಿ.