ಮಾಜಿ ಸೈನಿಕರ ಫೋಟೊಗೆ ಕಟ್ಟು: ತುಮಕೂರಿನ ಒಂದು ಫ್ರೇಮ್ ಅಂಗಡಿ

ವೈಕುಂಠ ಸಮಾರಾಧನೆಗೆಂದು ಹಿರಿಯರ ಫೋಟೊ ದೊಡ್ಡದು ಮಾಡಿಸುವವರಿಗೆ ತುಮಕೂರು ಎಂ.ಜಿ. ರಸ್ತೆಯ ಈ ಅಂಗಡಿ ಅಡ್ಡಿಯಿಲ್ಲ. ಸೈನ್ಯ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನ ಪಾಸ್‌ಪೋರ್ಟ್ ಸೈಜ್ ಫೋಟೊವನ್ನು 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕೆ) ಸ್ಕ್ಯಾನ್ ಮಾಡಿ 12×15 ಇಂಚಿಗೆ ಹಿಗ್ಗಿಸುತ್ತಾರೆ. 300ರಲ್ಲಾದರೆ ಮುಖ ಚೌಕಚೌಕವಾಗಿ ಒಡೆಯುತ್ತದೆ.

ಯಡವಟ್ಟಾಗುವುದು ತಿದ್ದುವಾಗ. ಕಂಪ್ಯೂಟರಿನ ಹುಡುಗ ಚೆಂದಕ್ಕೆಂದು ಫೋಟೊವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಗುಚಿದರೆ ಪದಕಗಳು ಬಲ ಎದೆಗೆ ಹೋಗುತ್ತವೆ. ಎಡಕ್ಕೇ ಇರಬೇಕು. 1971ರ ಯುದ್ಧದ ಪದಕಗಳಾದ ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್‌ಗಳ ರಿಬ್ಬನ್ ಬಣ್ಣವನ್ನು ಅವರ ಅಂದಾಜಿಗೆ ಬಿಡಬೇಡಿ, ಮನೆಯಲ್ಲಿರುವ ಪದಕವನ್ನೇ ಒಯ್ದು ತೋರಿಸಿ. ಮೊಮ್ಮಕ್ಕಳ ಜೊತೆಗಿನ ಫೋಟೊವನ್ನೂ ಪಕ್ಕದಲ್ಲಿ ಕೂರಿಸಿಕೊಡುತ್ತಾರೆ.

ಗಾಜಿಗೂ ಫೋಟೊಗೂ ನಡುವೆ ಮೌಂಟ್ ಬೋರ್ಡ್ (ಫೋಟೊ ಸುತ್ತ ಅಂಚಿನಂತೆ ಕೂರುವ ದಪ್ಪ ರಟ್ಟು) ಕೇಳಿ ಹಾಕಿಸಿ, ತಾವಾಗಿ ಹಾಕುವುದಿಲ್ಲ. ಇಲ್ಲದಿದ್ದರೆ ಹೂವಿನ ಹಾರದ ತೇವಕ್ಕೆ ಫೋಟೊ ಗಾಜಿಗೆ ಅಂಟುತ್ತದೆ. ಬಿಡಿಸಹೋದರೆ ಮೀಸೆಯೂ ಜೊತೆಗೇ ಕಿತ್ತು ಬರುತ್ತದೆ.