ಗಿಟಾರಿನ ಪಕ್ಕೆ ಬಗ್ಗಿಸಲು ಬಿಸಿ ಕೊಳವೆಯೋ, ಹೀಟಿಂಗ್ ಬ್ಲಾಂಕೆಟ್ಟೋ?

ವೀಣೆಯ ಕೊಡವನ್ನು ದಿಮ್ಮಿಯಿಂದ ತೋಡಿ ತೆಗೆಯುತ್ತಾರೆ, ಅಲ್ಲಿ ಮರ ಬಗ್ಗಿಸುವ ತಾಪತ್ರಯವೇ ಇಲ್ಲ. ಗಿಟಾರಿನಲ್ಲಿ ಎರಡು ಮಿಲಿಮೀಟರ್ ದಪ್ಪದ, 80 ಸೆಂ.ಮೀ. ಆಸುಪಾಸಿನ ಉದ್ದದ ಪಕ್ಕೆ ಹಲಗೆಯನ್ನು ಸೀಳು ಬಿಡದಂತೆ ಸೊಂಟದಲ್ಲಿ ಒಳಕ್ಕೆ, ಉಬ್ಬುಗಳಲ್ಲಿ ಹೊರಕ್ಕೆ ತಿರುಗಿಸಬೇಕು. ಹೊಸಬರು ಒಳ್ಳೆಯ ಮರ ಕಳೆದುಕೊಳ್ಳುವುದು ಹೆಚ್ಚಾಗಿ ಈ ಹಂತದಲ್ಲೇ. ಬೀಟೆ, ಮಹಾಗನಿ, ಮೇಪಲ್ ಮೂರನ್ನೂ ಬಿಸಿ ಕೊಳವೆಯ ಮೇಲೂ, ಹೀಟಿಂಗ್ ಬ್ಲಾಂಕೆಟ್ (ವಿದ್ಯುತ್ತಿನಿಂದ ಕಾಯುವ ತೆಳು ಸಿಲಿಕೋನ್ ಹಾಳೆ) ಬಳಸಿಯೂ ಬಗ್ಗಿಸಿ ನೋಡಿ ಬರೆದ ಹೋಲಿಕೆ ಇದು.

ವಿಧಾನ ಯಾವುದಾದರೂ ಅರ್ಧ ಫಲಿತಾಂಶ ಬಿಸಿ ಮಾಡುವ ಮೊದಲೇ ತೀರ್ಮಾನವಾಗಿರುತ್ತದೆ. ಬೀಟೆ 2.0ರಿಂದ 2.2 ಮಿ.ಮೀ., ಮಹಾಗನಿ 2.2, ಅಲೆಅಲೆ ಎಳೆಯ ಮೇಪಲ್ ಆದರೆ 1.9ಕ್ಕಿಂತ ಹೆಚ್ಚು ಬೇಡ. ಕ್ಯಾಲಿಪರ್ ಹಿಡಿದು ಹತ್ತು ಕಡೆ ಅಳೆಯಿರಿ. 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತೆಳುವಾದ ಜಾಗವೇ ಮೊದಲು ಬಗ್ಗಿ, ಸಲೀಸಾದ ತಿರುವಿನ ಬದಲು ಮೊಣಕೈಯಂಥ ಮಡಿಕೆ ಬೀಳುತ್ತದೆ. ಎರಡೂ ಹಲಗೆಗಳ ಹೊರಮುಖಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಮೇಲೆ ಕೆಳಗೆ ಯಾವುದೆಂದು ಬರೆಯಿರಿ. ಇಲ್ಲದಿದ್ದರೆ ಎರಡು ಎಡ ಪಕ್ಕೆಗಳು ತಯಾರಾಗುತ್ತವೆ. ನಗು ಬರಬಹುದು, ಆದರೆ ಇದು ಪದೇಪದೇ ಆಗುವ ತಪ್ಪು.

ಕೊಳವೆಗೆ ಎರಡೂವರೆಯಿಂದ ಮೂರು ಇಂಚು ವ್ಯಾಸದ, ದಪ್ಪ ಗೋಡೆಯ ಅಲ್ಯೂಮಿನಿಯಂ ಪೈಪು ಸಾಕು. ಒಳಗೆ ಗ್ಯಾಸ್ ಟಾರ್ಚಿನ ಜ್ವಾಲೆ ಅಥವಾ ವಿದ್ಯುತ್ ಎಲಿಮೆಂಟು. ಕಬ್ಬಿಣದ ಪೈಪು ಬೇಡ: ಒದ್ದೆ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶದ ಜೊತೆ ಕಬ್ಬಿಣ ಸೇರಿದರೆ ನೀಲಿಗಪ್ಪು ಕಲೆ ಕೂರುತ್ತದೆ, ಬಿಳಿ ಮೇಪಲ್ ಮೇಲಂತೂ ಎದ್ದು ಕಾಣುತ್ತದೆ. ಬಿಸಿ ನೋಡುವುದು ದೋಸೆ ಹೆಂಚಿನ ಲೆಕ್ಕದಲ್ಲೇ. ನೀರು ಚಿಮುಕಿಸಿದರೆ ಚುಂಯ್ ಎಂದು ತಕ್ಷಣ ಆರಬೇಕು. ಹನಿ ಗೋಲಿಯಾಗಿ ಉರುಳಾಡಿದರೆ ವಿಪರೀತ ಕಾದಿದೆ, ಮರ ಸುಡುತ್ತದೆ.

ಹಲಗೆಯನ್ನು ಗಂಟೆಗಟ್ಟಲೆ ನೆನೆಸಬೇಕಿಲ್ಲ. ಬಗ್ಗಿಸುವುದು ಬಿಸಿ, ನೀರಲ್ಲ. ಎಳೆಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಬಿಸಿಗೆ ಮೆತ್ತಗಾಗುತ್ತದೆ. ತೇವವಿದ್ದರೆ ಆ ಕೆಲಸ ಬೇಗ ಆಗುತ್ತದೆ, ಮೇಲ್ಮೈಯೂ ಸೀಯುವುದಿಲ್ಲ. ಮೊದಲು ಸೊಂಟ. ಕೊಳವೆಯ ಮೇಲಿಟ್ಟು ಹಗುರವಾಗಿ ಒತ್ತುತ್ತ ಹಿಂದೆ ಮುಂದೆ ಜಾರಿಸುತ್ತಿದ್ದರೆ, ಒಂದು ಕ್ಷಣದಲ್ಲಿ ಬಿಗಿಯಾಗಿದ್ದ ಮರ ತೊಗಲಿನಂತೆ ಸೋಲುವುದು ಅಂಗೈಗೆ ಗೊತ್ತಾಗುತ್ತದೆ. ಅದಕ್ಕಿಂತ ಮುಂಚೆ ಬಲ ಹಾಕಿದರೆ ಮುರಿಯುತ್ತದೆ. ಸೊಂಟದಲ್ಲಿ ಕೊಳವೆಗೆ ತಾಗುವುದು ಹೊರಮುಖ, ಹಾಗಾಗಿ ಸುಟ್ಟ ಗುರುತು ಎಲ್ಲರಿಗೂ ಕಾಣುವ ಕಡೆಯೇ ಬೀಳುತ್ತದೆ. ಉಬ್ಬುಗಳಲ್ಲಿ ಒಳಮುಖ ತಾಗುತ್ತದೆ. ಆದರೆ ಎಳೆತ ಹೊರಮುಖಕ್ಕೆ, ಬಿರುಕೂ ಅಲ್ಲೇ. ತೆಳು ಸ್ಟೀಲ್ ಪಟ್ಟಿಯೊಂದನ್ನು ಹೊರಗಿನಿಂದ ಒತ್ತಿ ಹಿಡಿದು ಬಗ್ಗಿಸಿದರೆ ಎಳೆ ಸಿಬಿರೇಳುವುದು ಬಹುಮಟ್ಟಿಗೆ ತಪ್ಪುತ್ತದೆ.

ಕೊಳವೆಯ ದೊಡ್ಡ ದೋಷ ಇದಲ್ಲ. ಕೈಯಲ್ಲಿ ಬಗ್ಗಿಸಿದ ಹಲಗೆ ಅಗಲಕ್ಕೂ ಬಟ್ಟಲಿನಂತೆ ಸ್ವಲ್ಪ ಗುಳಿ ಬೀಳುತ್ತದೆ, ಕೆಲವೊಮ್ಮೆ ಹುರಿಯಂತೆ ತಿರುಚಿಕೊಳ್ಳುತ್ತದೆ. ಅದನ್ನು ಸಮ ಮಾಡಲು ಸ್ಯಾಂಡ್‌ಪೇಪರ್ ಹಿಡಿದರೆ ದಪ್ಪ ಹೋಗುತ್ತದೆ.

ಬ್ಲಾಂಕೆಟ್ ವಿಧಾನ ಗೆಲ್ಲುವುದು ಇಲ್ಲಿ. ಅಮೆರಿಕದ ಗಿಟಾರ್ ತಯಾರಕ ಚಾರ್ಲ್ಸ್ ಫಾಕ್ಸ್ ರೂಪಿಸಿದ ಬಗ್ಗಿಸುವ ಯಂತ್ರಕ್ಕೆ ಮೊದಲು ಬಲ್ಬುಗಳ ಬಿಸಿ ಸಾಕಾಗುತ್ತಿತ್ತು, ಈಗ ಸಿಲಿಕೋನ್ ಬ್ಲಾಂಕೆಟ್ ಬಂದಿದೆ. ಗಿಟಾರಿನ ಆಕಾರದ ಮರದ ಅಚ್ಚು, ಅದರ ಮೇಲೆ ಕಾಲು ಮಿ.ಮೀ. ದಪ್ಪದ ಸ್ಪ್ರಿಂಗ್ ಸ್ಟೀಲ್ ಪಟ್ಟಿ, ಒದ್ದೆ ಖಾಕಿ ಕಾಗದದಲ್ಲಿ ಸುತ್ತಿದ ಹಲಗೆ, ಬ್ಲಾಂಕೆಟ್, ಮತ್ತೆ ಸ್ಟೀಲ್ ಪಟ್ಟಿ. ತಾಪ 120 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಸೊಂಟದ ಸ್ಕ್ರೂ ಇಳಿಸಬೇಕು, ಪೂರ್ತಿ ಅಲ್ಲ, ಒಂದು ಸೆಂ.ಮೀ. ಉಳಿಸಿ. ಆಮೇಲೆ ಕೆಳಗಿನ ಉಬ್ಬು, ಮೇಲಿನ ಉಬ್ಬು, ಕೊನೆಗೆ ಸೊಂಟದ ಬಾಕಿ. ಮೊದಲೇ ಸೊಂಟವನ್ನು ಕಚ್ಚಿಸಿಬಿಟ್ಟರೆ ಉಬ್ಬುಗಳಿಗೆ ಜಾರಿ ಬರಲು ಹಲಗೆಗೆ ದಾರಿ ಇರುವುದಿಲ್ಲ. ತಾಪ 150ರ ಹತ್ತಿರ ಹತ್ತು ನಿಮಿಷ ಬಿಟ್ಟು ಆರಿಸಿ, ಮತ್ತೊಮ್ಮೆ ಕಾಯಿಸಿ, ರಾತ್ರಿಯಿಡೀ ಅಚ್ಚಿನಲ್ಲೇ ಇರಲಿ. ಎರಡನೇ ಸಲ ಕಾಯಿಸಿದ್ದಕ್ಕೂ ಕಾಯಿಸದ್ದಕ್ಕೂ ಹಿಂದಕ್ಕೆ ಬಿಚ್ಚಿಕೊಳ್ಳುವುದರಲ್ಲಿ ವ್ಯತ್ಯಾಸ ಸ್ಪಷ್ಟ.

ಅಮೆರಿಕದಿಂದ ತರಿಸುವವರು ವೋಲ್ಟೇಜ್ ನೋಡಿ ಕೊಳ್ಳಿ. 115 ವೋಲ್ಟಿನ ಬ್ಲಾಂಕೆಟ್ಟನ್ನು ನಮ್ಮ 230ರ ಸಾಕೆಟ್ಟಿಗೆ ನೇರ ಸಿಕ್ಕಿಸಿದರೆ ನಾಲ್ಕು ಪಟ್ಟು ಶಕ್ತಿ ಹರಿದು ಸುಟ್ಟೇ ಹೋಗುತ್ತದೆ.

ಹಾಗಾದರೆ ಬ್ಲಾಂಕೆಟ್ಟೇ ಮೇಲೇ? ಒಂದೇ ಒಂದು ಗಿಟಾರ್, ಅದೂ ಗಿರಾಕಿ ಕೇಳಿದ ಹೊಸ ಆಕಾರ ಅನ್ನುವಾಗ ಅಲ್ಲ. ಅಚ್ಚು ಮಾಡುವುದಕ್ಕೇ ಎರಡು ದಿನ, ಆಕಾರ ಬದಲಾದರೆ ಆ ಅಚ್ಚು ಮೂಲೆಗೆ. ಕೊಳವೆಯಲ್ಲಿ ಕೈ ಪಳಗಿದವರಿಗೆ ಒಂದು ಪಕ್ಕೆ ಮುಕ್ಕಾಲು ಗಂಟೆಯ ಕೆಲಸ. ಅದೇ ಆಕಾರದಲ್ಲಿ ಮೂರಕ್ಕಿಂತ ಹೆಚ್ಚು ಗಿಟಾರ್ ಮಾಡುವುದಿದ್ದರೆ, ಅಥವಾ ದುಂಡನೆಯ ಕಟ್‌ಅವೇ (ಮೇಲಿನ ಸ್ವರಗಳಿಗೆ ಕೈ ಎಟುಕಲೆಂದು ಕತ್ತಿನ ಪಕ್ಕ ಒಳಕ್ಕೆ ತೆಗೆದ ತಿರುವು) ಬೇಕಿದ್ದರೆ ಬ್ಲಾಂಕೆಟ್ಟೇ ಸರಿ. ಆ ಬಿಗಿ ತಿರುವನ್ನು ಕೊಳವೆಯ ಮೇಲೆ ಮೇಪಲ್‌ನಲ್ಲಿ ಬಗ್ಗಿಸಲು ಹೋಗುವುದು ಧೈರ್ಯವಲ್ಲ, ದುಂದು.

ಬೀಟೆಯ ವಿಷಯ ಬೇರೆ. 1969ರಲ್ಲಿ ಅಮೆರಿಕದ ಗಿಟಾರ್ ಕಂಪನಿ ಮಾರ್ಟಿನ್ ಬ್ರೆಜಿಲಿನ ಬೀಟೆ ಬಿಟ್ಟು ಭಾರತದ ಬೀಟೆಗೆ ಬಂದ ಮೇಲೆ, ನಮ್ಮ ಪಶ್ಚಿಮ ಘಟ್ಟದ ಈ ಮರ ಜಗತ್ತಿನ ಗಿಟಾರುಗಳ ಬೆನ್ನಾಯಿತು. ಬಗ್ಗುವುದರಲ್ಲಿ ಇಷ್ಟು ಸಾಧು ಮರ ಕಡಿಮೆ. ಕೊಳವೆ ಕಲಿಯಲು ಇದೇ ತಕ್ಕದ್ದು. ಕಾದಾಗ ಸಿಹಿ ವಾಸನೆ, ನೇರಳೆಗಂದು ನೀರು. ಆ ನೀರು ಬಿಳಿ ಬೈಂಡಿಂಗಿಗೆ (ಗಿಟಾರಿನ ಅಂಚಿಗೆ ಕೂರಿಸುವ ಪಟ್ಟಿ) ತಾಗಿದರೆ ಕಲೆ ಹೋಗುವುದಿಲ್ಲ, ಅದಕ್ಕೇ ಎರಡನ್ನೂ ಒಟ್ಟಿಗೆ ಬಗ್ಗಿಸಬೇಡಿ. ಮಹಾಗನಿ ನೋಡಲು ಮೆತ್ತಗಿದ್ದರೂ ಸೊಂಟದಲ್ಲಿ ಥಟ್ಟನೆ ಸುಕ್ಕುಗಟ್ಟುತ್ತದೆ, ಅದಕ್ಕೆ ಎರಡೂ ಕಡೆ ಸ್ಟೀಲ್ ಇರುವ ಬ್ಲಾಂಕೆಟ್ ಉತ್ತಮ.

ಬ್ಲಾಂಕೆಟ್ ಇದ್ದವರಿಗೂ ಕೊಳವೆ ತಪ್ಪಿದ್ದಲ್ಲ. ಬಗ್ಗಿಸಿದ ಪಕ್ಕೆಯನ್ನು ಜೋಡಣೆಯ ಅಚ್ಚಿನಲ್ಲಿಟ್ಟು ನೋಡಿ. ಒಂದು ಮಿ.ಮೀ. ಸಂದು ಬೆರಳಿನಿಂದ ಒತ್ತಿದರೆ ಮುಚ್ಚುವಂತಿದ್ದರೆ ಬಿಡಿ. ಕ್ಲಾಂಪ್ ಬೇಕಾಯಿತೆಂದರೆ ಕೊಳವೆ ಕಾಯಿಸಿ ತಿದ್ದಿ. ಎಳೆದು ಕೂರಿಸಿದ ಬಿಗಿತ ಅಲ್ಲೇ ಉಳಿದು, ಅಚ್ಚಿನಿಂದ ತೆಗೆದ ಮೇಲೆ ಬೆನ್ನಿನ ಅಂಟನ್ನು ಎಳೆಯುತ್ತಲೇ ಇರುತ್ತದೆ.