ನ್ಯೂ ಸೌಂಡ್ಸ್: ಹೆಡ್‌ಫೋನ್ ಹಾಕಿಕೊಂಡೇ ಕೇಳಿ

ಅಮೆರಿಕದ ಮಿನಿಮಲಿಸ್ಟ್ ಸಂಗೀತ (ಪುಟ್ಟ ತುಣುಕುಗಳನ್ನು ಮತ್ತೆ ಮತ್ತೆ ಕೇಳಿಸುತ್ತಾ ನಿಧಾನವಾಗಿ ಬದಲಿಸುವ ಬಗೆ) ಕೇಳಲು ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಹೆಸರು. ನ್ಯೂಯಾರ್ಕಿನ ಡಬ್ಲ್ಯೂಎನ್‌ವೈಸಿ ರೇಡಿಯೋದಲ್ಲಿ 1982ರಲ್ಲಿ ಜಾನ್ ಶೇಫರ್ ಆರಂಭಿಸಿದ 'ನ್ಯೂ ಸೌಂಡ್ಸ್' ಎಂಬ ಸಂಗೀತ ಕಾರ್ಯಕ್ರಮ. ಶೇಫರ್ ಜಾಸ್ತಿ ಮಾತಾಡುವುದಿಲ್ಲ. ಏನನ್ನು ಗಮನಿಸಬೇಕು ಅಂತ ಎರಡು ಮಾತು ಹೇಳಿ, ಸುಮ್ನೆ ಕೇಳಲು ಬಿಡುತ್ತಾರೆ. ನನಗೆ ತುಂಬಾ ಇಷ್ಟವಾಗಿದ್ದೇ ಅದು.

ಅಲ್ಲಿ ಕೇಳಸಿಗುವ ಬಗೆಗೆ ಉದಾಹರಣೆಯಾಗಿ, ಅಮೆರಿಕದ ಸಂಗೀತ ಸಂಯೋಜಕ ಸ್ಟೀವ್ ರೈಶ್ ಅವರ 1965ರ ಕೃತಿ 'ಇಟ್ಸ್ ಗಾನ ರೈನ್' ತಗೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್‌ನಲ್ಲಿ ಒಬ್ಬ ಬೋಧಕ ಬೈಬಲಿನ ನೋಹನ ಪ್ರಳಯದ ಕಥೆ ಹೇಳುತ್ತಿದ್ದ. ಆ ಧ್ವನಿಯ ಒಂದು ತುಣುಕು ಎರಡು ಟೇಪುಗಳಲ್ಲಿ ಒಟ್ಟಿಗೆ ಶುರುವಾಗುತ್ತದೆ. ಒಂದು ಟೇಪು ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಮೊದಲು ಧ್ವನಿ ದಪ್ಪಗಾದಂತೆ ಅನ್ನಿಸುತ್ತದೆ, ಆಮೇಲೆ ಪ್ರತಿಧ್ವನಿ, ಆಮೇಲೆ ಮಾತೇ ಕರಗಿ ತಾಳವಾಗುತ್ತದೆ. ಅಷ್ಟು ಹೊತ್ತಿಗೆ ಮೈ ಜುಮ್ಮೆನ್ನುತ್ತದೆ. ಇನ್ನೊಬ್ಬ ಸಂಯೋಜಕ ಟೆರ್ರಿ ರೈಲಿಯ 'ಇನ್ ಸಿ' ಇದಕ್ಕಿಂತ ಹಗುರ: 53 ಪುಟ್ಟ ಸ್ವರಗುಚ್ಛಗಳು, ಪ್ರತಿಯೊಂದನ್ನೂ ಎಷ್ಟು ಸಲ ನುಡಿಸಬೇಕು ಅನ್ನುವುದು ಕಲಾವಿದರಿಗೇ ಬಿಟ್ಟದ್ದು.

ಒಂದು ಕೊರತೆ ಹೇಳಲೇಬೇಕು. ಈ ಕಾರ್ಯಕ್ರಮದಲ್ಲಿ ಎಲ್ಲ ದೇಶಗಳ, ಎಲ್ಲ ಬಗೆಯ ಸಂಗೀತವೂ ಬರುತ್ತದೆ. ಬರೀ ಮಿನಿಮಲಿಸಂ ಬೇಕು ಅನ್ನುವವರು ಹಳೆಯ ಸಂಚಿಕೆಗಳಲ್ಲಿ ಹುಡುಕಬೇಕು. ಆದರೆ ಸಂಚಿಕೆಯ ಜೊತೆ ಕೃತಿಗಳ ಪಟ್ಟಿ ಇರುತ್ತದೆ, ಹಾಗಾಗಿ ಕಷ್ಟವೇನಿಲ್ಲ. ಫೋನಿನ ಸ್ಪೀಕರ್ ಮಾತ್ರ ಬೇಡ. ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ಟೇಪು ಕೇಳಿಸಬೇಕು, ಅಲ್ವಾ?